ಫರ್‌ಸೂಟ್ ವೇಷ: ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈತುಂಬ ಕೃತಕ ತುಪ್ಪಳ ತೊಟ್ಟು, ಪ್ರಾಣಿಯ ಪಾತ್ರವಾಗಿ ಜನರ ನಡುವೆ ಓಡಾಡುವುದು ನನ್ನ ಬಲು ಪ್ರೀತಿಯ ಹವ್ಯಾಸ. ಅಮೆರಿಕದಲ್ಲಿ ಕೆಲಸಕ್ಕಿದ್ದಾಗ ಅಂಟಿಕೊಂಡದ್ದು, ಶಿರಸಿಗೆ ಮರಳಿದ ಮೇಲೂ ಬಿಟ್ಟಿಲ್ಲ. ನನ್ನ ಪಾತ್ರ ಕಾಳಿ ನದಿಯ ನೀರುನಾಯಿ. ಮದುವೆಮನೆ ಪಂಕ್ತಿಯಲ್ಲಿ, ಕುಮಟಾ ಬಸ್ಸಿನಲ್ಲಿ, ವಾಟ್ಸಾಪ್‌ನಲ್ಲಿ ಜನ ಮತ್ತೆ ಮತ್ತೆ ಕೇಳಿದ್ದನ್ನು ಅವರದೇ ಮಾತಿನಲ್ಲಿ ಇಲ್ಲಿ ಇಟ್ಟಿದ್ದೇನೆ. ಹೊಸಬರಿಗೆ ಬೇಕಾದದ್ದು ಮೊದಲು, ವೇಷ ಕಟ್ಟಿ ಆಡಲು ಹೊರಟವರಿಗೆ ಬೇಕಾದದ್ದು ಆಮೇಲೆ.

## ಮೊದಲ ಪರಿಚಯ

ಫರ್‌ಸೂಟ್ ಅಂದ್ರೆ ಎಂತ? ಅಂಗಡಿ ಬಾಗಿಲಲ್ಲಿ ಕೈ ಬೀಸ್ತಾ ನಿಂತಿರ್ತದಲ್ಲ, ಆ ಕರಡಿ ಬೊಂಬೆಯಾ?

ಕಟ್ಟುವ ಬಗೆ ಬಹುಪಾಲು ಅದೇ: ಫೋಮಿನ ತಲೆ, ಕೃತಕ ತುಪ್ಪಳದ ಮೈ, ದಪ್ಪ ಪಂಜ, ಬಾಲ. ಆದರೆ ಅಂಗಡಿಯ ಕರಡಿ ಅಂಗಡಿಯವರದ್ದು. ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ದಿನಗೂಲಿಗೆ ಅದರೊಳಗೆ ನಿಲ್ಲುತ್ತಾರೆ. ಫರ್‌ಸೂಟಿನ ಪ್ರಾಣಿಯನ್ನು ಅದನ್ನು ತೊಡುವವರೇ ಕಲ್ಪಿಸಿಕೊಂಡಿರುತ್ತಾರೆ. ಬಣ್ಣ, ಹೆಸರು, ಸ್ವಭಾವ, ನಡೆಯುವ ರೀತಿ ಎಲ್ಲ ಅವರದೇ. ನನ್ನ ನೀರುನಾಯಿಗೆ ಕಂಡದ್ದನ್ನೆಲ್ಲ ಮುಟ್ಟಿ ನೋಡುವ ಚಟ, ಸಿಕ್ಕಿದ್ದನ್ನು ಎದೆಗವಚಿಕೊಳ್ಳುವ ಆಸೆ. ಅದು ಹಾಗೇಕೆ ಎಂದು ಯಾವ ಕಂಪನಿಯೂ ನನಗೆ ಹೇಳಿಕೊಟ್ಟಿಲ್ಲ.

ತಲೆ, ಕೈಪಂಜ, ಬಾಲ ಮಾತ್ರ ಇದ್ದು ಉಳಿದಂತೆ ಮಾಮೂಲಿ ಬಟ್ಟೆ ತೊಟ್ಟರೆ ಅದನ್ನು ಪಾರ್ಷಿಯಲ್ ಎನ್ನುತ್ತಾರೆ. ತಲೆಯಿಂದ ಕಾಲಿನವರೆಗೆ ಇದ್ದರೆ ಫುಲ್ ಸೂಟ್.

ಇದು ಎಲ್ಲಿ ಶುರುವಾದದ್ದು?

ಪ್ರಾಣಿರೂಪದ ಪಾತ್ರಗಳನ್ನು ಇಷ್ಟಪಡುವವರು, ಅಂದರೆ ಫರ್ರಿಗಳು, ಮೊದಮೊದಲು ವಿಜ್ಞಾನ ಕಥೆ ಮತ್ತು ಕಾಮಿಕ್ಸ್ ಪ್ರಿಯರ ಕೂಟಗಳ ಮೂಲೆಯಲ್ಲಿ ಸೇರುತ್ತಿದ್ದರು. ಅವರಿಗೇ ಮೀಸಲಾದ ಮೊದಲ ಸಮ್ಮೇಳನ 1989ರಲ್ಲಿ ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ನಡೆದ ಕಾನ್‌ಫ್ಯೂರೆನ್ಸ್. ಯುರೋಪಿನ ಯೂರೋಫ್ಯೂರೆನ್ಸ್ 1995ರಲ್ಲಿ ಜರ್ಮನಿಯಲ್ಲಿ ಶುರುವಾಯಿತು. 1997ರಲ್ಲಿ ಆರಂಭವಾದ ಆಂಥ್ರೋಕಾನ್ ಸಮ್ಮೇಳನ 2006ರಿಂದ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ನಡೆಯುತ್ತಿದೆ. 2024ರಲ್ಲಿ ಅಲ್ಲಿಗೆ 17 ಸಾವಿರಕ್ಕೂ ಹೆಚ್ಚು ಜನ ಬಂದಿದ್ದರು. ಶಿಕಾಗೋ ಹತ್ತಿರದ ಮಿಡ್‌ವೆಸ್ಟ್ ಫರ್‌ಫೆಸ್ಟ್ ಕೂಡ ಅಷ್ಟೇ ದೊಡ್ಡ ಮಟ್ಟದ್ದು.

ಫರ್ರಿಗಳು ಎಲ್ಲರೂ ಸೂಟ್ ಹಾಕ್ತಾರಾ?

ಇಲ್ಲ. ಹೆಚ್ಚಿನವರ ಹತ್ತಿರ ಪೂರ್ತಿ ಸೂಟ್ ಇರುವುದೇ ಇಲ್ಲ. ಚಿತ್ರ ಬರೆಯುವವರು, ಕಥೆ ಬರೆಯುವವರು, ಸುಮ್ಮನೆ ನೋಡಿ ಖುಷಿಪಡುವವರು ಬಹಳ. ಫೋಟೋದಲ್ಲಿ ತುಪ್ಪಳವೇ ಎದ್ದು ಕಾಣುವುದರಿಂದ ಎಲ್ಲರೂ ವೇಷಧಾರಿಗಳು ಅನ್ನಿಸುತ್ತದೆ.

ಸಮ್ಮೇಳನಕ್ಕೆ ಹೋಗಿ ದಿನವಿಡೀ ಎಂತ ಮಾಡ್ತಾರೆ?

ವೇಷಧಾರಿಗಳ ಮೆರವಣಿಗೆ ದೊಡ್ಡ ಆಕರ್ಷಣೆ. ಪಿಟ್ಸ್‌ಬರ್ಗಿನಲ್ಲಿ ಊರ ಜನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ರಸ್ತೆ ಬದಿ ನಿಂತು ನೋಡುತ್ತಾರೆ. ಒಳಗೆ ಕುಣಿತದ ಸ್ಪರ್ಧೆ, ಚಿತ್ರಕಾರರ ಮಳಿಗೆ, ಸೂಟ್ ಹೊಲಿಯುವುದು ಹೇಗೆ ಎಂಬ ಪಾಠ, ಸೂಟ್ ತೊಟ್ಟು ಆಡುವ ಆಟ, ಪ್ರಾಣಿಗಳ ಆರೈಕೆ ಮಾಡುವ ಸಂಸ್ಥೆಗೆ ದೇಣಿಗೆ ಸಂಗ್ರಹ ಎಲ್ಲ ಇರುತ್ತದೆ.

ಆದರೆ ನನಗೆ ಬೇಕಾದದ್ದು ವೇಳಾಪಟ್ಟಿಯಲ್ಲಿ ಇರುವುದಿಲ್ಲ. ಪಡಸಾಲೆಯಲ್ಲಿ, ಲಿಫ್ಟಿನ ಮುಂದೆ, ಕಾಫಿ ಸಾಲಿನಲ್ಲಿ ಅಡ್ಡಾಡುವಾಗ ಎದುರಾದವರ ಜತೆ ಹುಟ್ಟುವ ಪುಟ್ಟ ಪುಟ್ಟ ಆಟಗಳಿಗಾಗಿಯೇ ನಾನು ಹೋಗುವುದು.

ಇವರೆಲ್ಲ ತಮ್ಮನ್ನ ಪ್ರಾಣಿ ಅಂತಲೇ ನಂಬಿದ್ದಾರಾ?

ಯಕ್ಷಗಾನದ ಆಟದಲ್ಲಿ ಹನುಮಂತನ ವೇಷ ಕಟ್ಟಿದವರು ಬೆಳಿಗ್ಗೆ ಬಣ್ಣ ತೆಗೆದು ತೋಟದ ಕೆಲಸಕ್ಕೆ ಹೋಗುತ್ತಾರಲ್ಲ, ಇದೂ ಹಾಗೆಯೇ. ರಂಗದ ಮೇಲಿರುವಷ್ಟು ಹೊತ್ತು ಪಾತ್ರ ನಿಜವಾಗಿರಬೇಕು. ಅದಕ್ಕೆ ಶ್ರದ್ಧೆ ಬೇಕು, ಭ್ರಮೆ ಬೇಡ.

ನೆಟ್‌ನಲ್ಲಿ ಏನೇನೋ ಕೆಟ್ಟದಾಗಿ ಬರೆದಿದ್ದು ಓದಿದೆ. ಮಗಳು ಸಮ್ಮೇಳನಕ್ಕೆ ಹೋಗ್ತೇನೆ ಅಂತಿದ್ದಾಳೆ, ಕಳಿಸಬಹುದಾ?

ಕೇಳಬೇಕಾದ ಪ್ರಶ್ನೆಯೇ. ಸಾವಿರಾರು ವಯಸ್ಕರು ಸೇರುವ ಯಾವುದೇ ಕೂಟದಂತೆ ಇಲ್ಲೂ ದೊಡ್ಡವರಿಗಷ್ಟೇ ಸೀಮಿತವಾದ ಚಿತ್ರ, ಕಥೆ, ಕಾರ್ಯಕ್ರಮಗಳಿವೆ. ದೊಡ್ಡ ಸಮ್ಮೇಳನಗಳು ಅವನ್ನು ಬೇರೆಯೇ ಇಟ್ಟು, ಬಾಗಿಲಲ್ಲಿ ವಯಸ್ಸಿನ ದಾಖಲೆ ನೋಡುತ್ತವೆ. ಚಿಕ್ಕವರಿಗೆ ಪೋಷಕರ ಒಪ್ಪಿಗೆಪತ್ರ ಬೇಕು ಅಥವಾ ಪೋಷಕರೇ ಜತೆಗಿರಬೇಕು. ಕೆಲವು ಕಡೆ 18 ತುಂಬದವರಿಗೆ ಪ್ರವೇಶವೇ ಇಲ್ಲ. ನಡತೆಯ ನಿಯಮ ಮುರಿದವರನ್ನು ಹೊರಗೆ ಹಾಕುತ್ತಾರೆ. ಮಗಳು ಚಿಕ್ಕವಳಾದರೆ ನೀವೂ ಹೋಗಿ. ಆಮೇಲೆ ಅವಳು ಆನ್‌ಲೈನ್‌ನಲ್ಲಿ ಯಾರ ಜತೆ ಮಾತಾಡುತ್ತಾಳೆ ಎಂಬುದನ್ನೂ ತಿಳಿದಿರಿ. ಸಮ್ಮೇಳನದ ಹಾಲ್‌ಗಿಂತ ಅಲ್ಲೇ ಹೆಚ್ಚು ಎಚ್ಚರ ಬೇಕು.

## ವೇಷದೊಳಗೆ

ಮುಖವೇ ಕಾಣದಿದ್ರೆ ಖುಷಿ ಎಲ್ಲಿಂದ ಬರ್ತದೆ? ಯಾರಿಗೂ ನೀವು ಯಾರು ಅಂತಲೇ ಗೊತ್ತಾಗುದಿಲ್ಲವಲ್ಲ?

ಪಿಟ್ಸ್‌ಬರ್ಗಿನ ಒಂದು ಹೋಟೆಲಿನ ಕಾರಿಡಾರ್. ಕೋಣೆ ಶುಚಿ ಮಾಡುವ ಮಹಿಳೆಯೊಬ್ಬರು ತಳ್ಳುಗಾಡಿ ನಿಲ್ಲಿಸಿ ಟವೆಲ್ ಮಡಚುತ್ತಿದ್ದರು. ನೀರುನಾಯಿ ಹೋಗಿ ಪಕ್ಕದಲ್ಲಿ ನಿಂತಿತು. ಅವರು ತಲೆ ಎತ್ತಲಿಲ್ಲ. ಅವರು ಮಡಚುವುದನ್ನು ಬಗ್ಗಿ ನೋಡಿ, ತಾನೂ ಒಂದು ಟವೆಲ್ ಎತ್ತಿಕೊಂಡು ನಾಲ್ಕೇ ಬೆರಳಿನ ದಪ್ಪ ಪಂಜದಲ್ಲಿ ಮಡಚಿತು. ಅಂಚಿಗೆ ಅಂಚು ಕೂಡಲಿಲ್ಲ. ಮಡಚಿದ್ದನ್ನು ಬಹಳ ಮರ್ಯಾದೆಯಿಂದ ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿತು. ಅವರು ಅದನ್ನು ಹಾಗೇ ದಿಟ್ಟಿಸಿ, ಕೊಡವಿ, ಮೂಲೆ ಎಲ್ಲಿ ಹಿಡಿಯಬೇಕು ಎಂದು ಬೆರಳಿಟ್ಟು ತೋರಿಸಿ, ಮತ್ತೆ ನನ್ನ ಕೈಗೆ ಕೊಟ್ಟರು. ಪಂಜ ಮೂಲೆ ಹಿಡಿಯಿತು. ಅವರು ಇನ್ನೊಂದು ತುದಿ ಹಿಡಿದರು. ಇಬ್ಬರೂ ಹತ್ತಿರ ಬಂದು, ದೂರ ಸರಿದು, ಸೀರೆ ಮಡಚುವ ಹಾಗೆ ಆ ಟವೆಲ್ ಮಡಚಿ ಮುಗಿಸಿದೆವು. ಅಷ್ಟರಲ್ಲಿ ಅವರಿಗೆ ನಗು ತಡೆಯಲಾಗದೆ ಗಾಡಿಗೆ ಒರಗಿದ್ದರು. ಒಂದು ಮಾತೂ ಆಗಿರಲಿಲ್ಲ.

ಆ ಆಟದಲ್ಲಿ ಅರ್ಧ ಅವರದು. ಅವರು ಟವೆಲ್ ಕಸಿದುಕೊಂಡು ಹೋಗಬಹುದಿತ್ತು, ಕಲಿಸಲು ನಿಂತರು. ನನ್ನ ಹೆಸರು, ಕೆಲಸ, ಉಚ್ಚಾರಣೆ, ಊರು ಯಾವುದೂ ಅಲ್ಲಿ ಲೆಕ್ಕಕ್ಕೆ ಬರಲಿಲ್ಲ. ಅಪರಿಚಿತರಿಬ್ಬರು ಎರಡು ನಿಮಿಷ ಪೂರ್ತಿ ಗಮನವನ್ನು ಒಬ್ಬರಿಗೊಬ್ಬರು ಕೊಟ್ಟುಕೊಂಡೆವು. ನನಗೆ ಸಿಗುವ ಖುಷಿ ಇದೇ. ಯಾರು ಎಂದು ಗುರುತು ಸಿಗದಿರುವುದರಿಂದಲೇ ಇದು ಸಾಧ್ಯವಾಗುತ್ತದೆ ಎಂದು ನಾನು ಬಲವಾಗಿ ನಂಬುತ್ತೇನೆ.

ನಾನು ಬಹಳ ನಾಚಿಕೆ ಸ್ವಭಾವದವ. ನನ್ನಿಂದ ಆಗ್ತದಾ?

ಆಗುತ್ತದೆ. ನಾಲ್ಕು ಜನರ ಎದುರು ಬಾಯಿ ಬಿಡದವರೇ ವೇಷದಲ್ಲಿ ಸೊಗಸಾಗಿ ಆಡುವುದನ್ನು ಬೇಕಾದಷ್ಟು ನೋಡಿದ್ದೇನೆ. ನಾಚಿಕೆಯವರು ಎದುರಿನವರನ್ನು ಸದಾ ಗಮನಿಸುತ್ತಿರುತ್ತಾರೆ. ಈ ಕಲೆಗೆ ಬೇಕಾದ ಮೊದಲ ಗುಣ ಅದು. ಶುರುವಿನಲ್ಲಿ ಗುಂಪಿನ ನಡುವೆ ಹೋಗಬೇಡಿ. ಗೋಡೆ ಬದಿ ಕೂತು, ಬಂದವರಿಗೆ ಕೈ ಬೀಸಿ. ಪಾತ್ರವೂ ನಾಚಿಕೆಯದೇ ಇರಲಿ, ಕಂಬದ ಹಿಂದಿನಿಂದ ಇಣುಕುವ ಪ್ರಾಣಿಯ ಹತ್ತಿರ ಜನ ತಾವಾಗಿಯೇ ಬರುತ್ತಾರೆ.

ಒಳಗಿಂದ ಎಂತ ಕಾಣ್ತದೆ?

ಬಹಳ ಕಡಿಮೆ. ಸೂಟಿನ ಕಣ್ಣಿನ ಪಾಪೆ ಬಣ್ಣ ಬಳಿದ ಜಾಲರಿ, ಅದರ ತೂತುಗಳಿಂದಲೇ ನೋಡಬೇಕು. ಎದುರಿಗೆ ಇರುವುದು ಮಬ್ಬಾಗಿ ಕಾಣುತ್ತದೆ. ಅಕ್ಕಪಕ್ಕ ಇಲ್ಲ. ಮೊಣಕಾಲಿನ ಕೆಳಗೆ ಏನೂ ಇಲ್ಲ, ಆದ್ದರಿಂದ ಮೆಟ್ಟಿಲು, ಹೊಸಿಲು ಮತ್ತು ಓಡಿಬರುವ ಚಿಕ್ಕ ಮಕ್ಕಳು ಅಪಾಯ. ಬಿಸಿಲಿನಿಂದ ಕತ್ತಲ ಹಾಲ್‌ಗೆ ಬಂದರೆ ಕ್ಷಣ ಹೊತ್ತು ಏನೂ ಕಾಣದು. ಫೋಮ್ ಕಿವಿ ಮುಚ್ಚುವುದರಿಂದ ಶಬ್ದ ಯಾವ ಕಡೆಯಿಂದ ಬಂತೆಂದೂ ತಿಳಿಯುವುದಿಲ್ಲ. ಕನ್ನಡಕದವರು ತಲೆ ಅಳತೆ ಕೊಡುವಾಗಲೇ ಹೇಳಿಬಿಡಿ.

ಮಾತಾಡ್ಲೇಬಾರದಾ?

ಹಾಗೇನೂ ಕಟ್ಟಳೆ ಇಲ್ಲ. ದವಡೆ ಅಲ್ಲಾಡುವ ತಲೆ ಇದ್ದವರು ಚೆನ್ನಾಗಿಯೇ ಮಾತಾಡಿಸುತ್ತಾರೆ. ನಾನು ಮೌನವಾಗಿಯೇ ಆಡುತ್ತೇನೆ. ಮಾತು ಬಂದ ಕೂಡಲೇ ಜನ ‘ಒಳಗಿರುವುದು ಯಾರು’ ಎಂದು ಹುಡುಕತೊಡಗುತ್ತಾರೆ.

ಮುಖ ಅಲ್ಲಾಡುದಿಲ್ಲ, ಮಾತಿಲ್ಲ. ಮತ್ತೆ ಸಿಟ್ಟು, ಸಂತೋಷ ಎಲ್ಲ ತೋರಿಸುದು ಹೇಗೆ?

ಮೂಗು ಎತ್ತ ತಿರುಗಿದೆಯೋ ಅತ್ತಲೇ ನೋಟ. ಕಣ್ಣು ಒಂದೇ ಕಡೆ ನೆಟ್ಟಿರುವುದರಿಂದ, ಏನನ್ನಾದರೂ ನೋಡಬೇಕಾದರೆ ಇಡೀ ತಲೆಯನ್ನು ತಿರುಗಿಸಿ, ತಿರುಗಿಸಿದ ಮೇಲೆ ಅಲ್ಲೇ ನಿಲ್ಲಿಸಬೇಕು. ಆ ನಿಲುಗಡೆಯಲ್ಲಿ ಜನರಿಗೆ ಪ್ರಾಣಿ ಯೋಚಿಸುತ್ತಿದೆ ಅನ್ನಿಸುತ್ತದೆ. ಸದಾ ಕುಣಿದಾಡುವ ಸೂಟಿಗಿಂತ ಒಮ್ಮೆ ತಟ್ಟನೆ ನಿಂತು ನೋಡುವ ಸೂಟು ಹೆಚ್ಚು ಜೀವಂತ.

ಹೌದು ಎನ್ನಲು ಸೊಂಟದಿಂದ ಬಗ್ಗಿ ಏಳಬೇಕು, ಬರೀ ಕುತ್ತಿಗೆ ಕುಣಿಸಿದರೆ ಕಾಣುವುದಿಲ್ಲ. ಬೇಸರಕ್ಕೆ ಹೆಗಲು ಇಳಿಸಿ, ಗದ್ದ ಎದೆಗೆ ತನ್ನಿ. ತಲೆ ಕೆಳಗಾದಾಗ ಕಣ್ಣಿನ ಮೇಲೆ ನೆರಳು ಬಿದ್ದು ಮುಖವೇ ಸಪ್ಪಗಾದಂತೆ ತೋರುತ್ತದೆ. ತಲೆ ಮೇಲೆತ್ತಿದರೆ ಅದೇ ಮುಖ ನಗುತ್ತದೆ. ಬಾಲ ಅಲ್ಲಾಡಬೇಕಾದದ್ದು ಸೊಂಟದಿಂದ. ಉಸಿರು ಕಾಣಿಸಬೇಕಾದರೆ ಎದೆ ಹೆಗಲು ಎರಡನ್ನೂ ಎತ್ತಿ ಇಳಿಸಿ.

ನಮ್ಮ ಜಿಲ್ಲೆಯವರಿಗೆ ಇದನ್ನು ಕಲಿಯಲು ದೂರ ಹೋಗಬೇಕಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಜಿಲ್ಲೆ ನಮ್ಮದು. ಬಡಗುತಿಟ್ಟಿನ ಆಟ ನೋಡುವಾಗ ಒಮ್ಮೆ ಮಾತು ಕೇಳುವುದನ್ನು ಬಿಟ್ಟು ಬರೀ ಮೈ ನೋಡಿ. ಭಾರದ ಕಿರೀಟ ಹೊತ್ತವರು ಕುತ್ತಿಗೆ ಹೇಗೆ ತಿರುಗಿಸುತ್ತಾರೆ, ಜಾಂಬವನ ಪಾತ್ರಧಾರಿ ಒಂದು ಹೆಜ್ಜೆ ಇಡುವ ಮೊದಲು ತೂಕವನ್ನು ಎಲ್ಲಿಗೆ ಸಾಗಿಸುತ್ತಾರೆ ಎಂದು ಗಮನಿಸಿ. ಮನೆಗೆ ಬಂದು ಮೊಬೈಲ್ ನಿಲ್ಲಿಸಿ ವಿಡಿಯೊ ಮಾಡಿಕೊಂಡು ಅಭ್ಯಾಸ ಮಾಡಿ. ಕನ್ನಡಿ ಸಾಲದು, ಸೂಟಿನೊಳಗಿಂದ ಅದು ಸರಿಯಾಗಿ ಕಾಣುವುದಿಲ್ಲ.

## ಸೂಟ್ ಕಟ್ಟುವುದು, ಕಾಪಾಡುವುದು

ಎಷ್ಟು ಖರ್ಚು ಬರ್ತದೆ?

ಹೆಸರಿರುವ ತಯಾರಕರಿಂದ ಫುಲ್ ಸೂಟ್ ಮಾಡಿಸಿದರೆ ಸಾವಿರಾರು ಡಾಲರ್. ನಮ್ಮ ಹಣದಲ್ಲಿ ಕೆಲವು ಲಕ್ಷ ರೂಪಾಯಿ, ಮೇಲೆ ಸಾಗಣೆ, ಸುಂಕ. ಸರದಿಗೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಹೆಚ್ಚು ಕಾಯಬೇಕು. ಸಾಲ ಮಾಡಿ ತರಿಸಬೇಡಿ. ಬಾಲ ಮತ್ತು ಪಂಜ ನೀವೇ ಹೊಲಿದು ಶುರುಮಾಡಿ. ಆಟದ ಗುಣ ಸೂಟಿನ ಬೆಲೆಯನ್ನು ಅವಲಂಬಿಸಿಲ್ಲ, ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕೆನಿಸದು.

ಶಿರಸಿಯಲ್ಲೇ ಕೂತು ನಾವೇ ಮಾಡ್ಕೊಳ್ಳಬಹುದಾ? ಸಾಮಾನು ಸಿಗ್ತದಾ?

ಮಾಡಬಹುದು. ತಲೆಗೆ ಬೇಕಾದ ಫೋಮ್ ಸೋಫಾ ರಿಪೇರಿಯವರಲ್ಲಿ ಸಿಗುತ್ತದೆ. ಹಾಳೆಗಳನ್ನು ಬುಟ್ಟಿಯ ಆಕಾರಕ್ಕೆ ಅಂಟಿಸಿ, ಮೂತಿ, ಕೆನ್ನೆ, ಹುಬ್ಬು ಸೇರಿಸುತ್ತ ಕತ್ತರಿಯಿಂದ ಕೊರೆಯುತ್ತ ಹೋಗಬೇಕು. ಅಂಟಿನ ವಾಸನೆ ಪೂರ್ತಿ ಹೋಗುವವರೆಗೆ ತಲೆಗೆ ಹಾಕಿಕೊಳ್ಳಬೇಡಿ. ಆಕಾರ ಸಿದ್ಧವಾದ ಮೇಲೆ ಅದರ ಮೇಲೆ ಪ್ಲಾಸ್ಟಿಕ್ ಹೊದಿಸಿ, ಟೇಪ್ ಸುತ್ತಿ, ಪೆನ್ನಿನಲ್ಲಿ ಗೆರೆ ಎಳೆದು ಕತ್ತರಿಸಿ ಬಿಚ್ಚಿದರೆ ತುಪ್ಪಳದ ಮಾದರಿ ಸಿಗುತ್ತದೆ. ಮೈಗೂ ಹೀಗೆಯೇ: ಹಳೆ ಬಟ್ಟೆಯ ಮೇಲೆ ಟೇಪ್ ಸುತ್ತಿಸಿಕೊಂಡು ನಿಮ್ಮದೇ ಅಳತೆಯ ಅಚ್ಚು ತೆಗೆಯಬೇಕು.

ಕೃತಕ ತುಪ್ಪಳದ ಬಟ್ಟೆಯನ್ನು ಬೆಂಗಳೂರಿನಿಂದಲೋ ಆನ್‌ಲೈನ್‌ನಲ್ಲೋ ತರಿಸಬೇಕು. ಉದ್ದ ಕೂದಲಿನ, ಬುಡ ಒತ್ತಾಗಿರುವ ಬಟ್ಟೆ ನೋಡಿ ಆರಿಸಿ. ಅದನ್ನು ಕತ್ತರಿಯಿಂದ ಕಚಕ್ಕನೆ ಕತ್ತರಿಸಿದರೆ ಕೂದಲೆಲ್ಲ ಮೊಂಡಾಗಿ ಅಂಚು ಎದ್ದು ಕಾಣುತ್ತದೆ. ತಿರುಗಿಸಿ ಹಾಕಿ, ಹಿಂಬದಿಯ ಬಟ್ಟೆಯನ್ನಷ್ಟೇ ಬ್ಲೇಡಿನಿಂದ ಸೀಳಿ, ಎರಡೂ ಕಡೆ ಎಳೆದು ಬಿಡಿಸಬೇಕು. ಕೂದಲು ಯಾವ ಕಡೆ ಮಲಗಿದೆ ಎಂದು ಪ್ರತಿ ತುಂಡಿಗೂ ಬಾಣದ ಗುರುತು ಹಾಕಿ. ಪ್ರಾಣಿಯ ಮೈಮೇಲೆ ಕೂದಲು ಮೂತಿಯಿಂದ ಹಿಂದಕ್ಕೆ, ಬೆನ್ನಿನಿಂದ ಕೆಳಕ್ಕೆ ಹರಿಯುತ್ತದೆ. ಹೊಲಿದ ಮೇಲೆ ಹೊಲಿಗೆಯಲ್ಲಿ ಸಿಕ್ಕಿಕೊಂಡ ಕೂದಲನ್ನು ಸೂಜಿಯಿಂದ ಎಬ್ಬಿಸಿದರೆ ಜೋಡಣೆ ಮಾಯವಾಗುತ್ತದೆ. ಮೂತಿಯ ಮೇಲೆ ಗಡ್ಡದ ಟ್ರಿಮ್ಮರ್ ಆಡಿಸಿ ಗಿಡ್ಡ ಮಾಡಿ. ನೀರುನಾಯಿಗೆ ಈ ಕೆಲಸ ಬಹಳ: ಅದರ ಮುಖ ನುಣುಪು, ಕುತ್ತಿಗೆ ದಪ್ಪ, ಬಾಲ ಬುಡದಲ್ಲಿ ಅಗಲವಾಗಿ ತುದಿಗೆ ಚೂಪು.

ಕಣ್ಣಿಗೆ ಬಕ್ರಂ ಬೇಕು ಎಂದರೆ ದರ್ಜಿಗಳು ಕಾಲರಿಗೆ ಹಾಕುವ ದಟ್ಟ ಬಕ್ರಂ ಕೊಡುತ್ತಾರೆ, ಅದರಿಂದ ಏನೂ ಕಾಣದು. ಬೆಳಕಿಗೆ ಹಿಡಿದಾಗ ಆಚೆ ಕಾಣುವಂಥ ಜಾಲರಿ ಬಟ್ಟೆ ಕೇಳಿ. ಹೊರಬದಿಗೆ ಬಣ್ಣ, ಒಳಬದಿಗೆ ಕಪ್ಪು; ತೂತಿನಲ್ಲಿ ಬಣ್ಣ ತುಂಬದಂತೆ ನೋಡಿಕೊಳ್ಳಬೇಕು.

ನಿಜವಾದ ಚರ್ಮ, ಉಗುರು ಹಾಕಿದ್ರೆ ಇನ್ನೂ ಚೆನ್ನಾಗಿ ಕಾಣುದಿಲ್ವಾ?

ಬೇಡವೇ ಬೇಡ. ಕಾಡುಪ್ರಾಣಿಯ ಚರ್ಮ, ಉಗುರು ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅದಕ್ಕಿಂತ ಮುಖ್ಯವಾಗಿ, ಪ್ರಾಣಿಯ ಮೇಲಿನ ಪ್ರೀತಿಯಿಂದ ಹುಟ್ಟಿದ ವೇಷಕ್ಕೆ ಪ್ರಾಣಿಯ ಜೀವ ತೆಗೆಯುವುದು ಸಲ್ಲದು.

ಬೆವರಿನ ವಾಸನೆಗೆ ಎಂತ ಮಾಡ್ತೀರಿ?

ಬಿಚ್ಚಿದ ಕೂಡಲೇ ಒಳಗು ಹೊರಗು ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲಿಗೆ ನೀರು ಬೆರೆಸಿ ಒಳಬದಿಗೆ ಸಿಂಪಡಿಸುತ್ತೇನೆ. ಹತ್ತಿರ ಒಲೆ, ದೀಪ ಇರಬಾರದು. ಮೈಭಾಗವನ್ನು ತಣ್ಣೀರಿಗೆ ಸೌಮ್ಯ ಸೋಪಿನ ದ್ರಾವಣ ಹಾಕಿ ಕೈಯಲ್ಲೇ ಹಿಸುಕಿ ತೊಳೆಯಬಹುದು, ಹಿಂಡಿ ತಿರುಚಬಾರದು. ತಲೆಯನ್ನು ಮುಳುಗಿಸುವುದಿಲ್ಲ, ಒದ್ದೆ ಬಟ್ಟೆಯಿಂದ ಒರೆಸುತ್ತೇನೆ. ಒಳಗೆ ಮೈಗಂಟುವ ತೆಳು ಬಟ್ಟೆ, ತಲೆಗೆ ಮುಸುಕು ತೊಟ್ಟರೆ ಬೆವರಿನ ಬಹುಪಾಲು ಅವೇ ಹೀರಿಕೊಳ್ಳುತ್ತವೆ.

ನಮ್ಮನೆಲಿ ಅಡಿಕೆ ಡ್ರೈಯರ್ ಇದ್ಯಲ್ಲ, ಅದರಲ್ಲಿ ಒಣಗಿಸಿದ್ರೆ?

ದಯವಿಟ್ಟು ಬೇಡ. ಕೃತಕ ತುಪ್ಪಳ ಅಕ್ರಿಲಿಕ್ ಎಳೆ. ಬಿಸಿಗಾಳಿ ತಾಗಿದರೆ ತುದಿ ಸುರುಟಿ ಗಂಟುಗಂಟಾಗುತ್ತದೆ, ಮತ್ತೆ ಸರಿಯಾಗುವುದಿಲ್ಲ. ಗ್ಲೂ ಗನ್ನಿನ ಅಂಟೂ ಬಿಸಿಗೆ ಸಡಿಲವಾಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ತಲೆ ಬಿಟ್ಟು ಹೋಗಬಾರದು ಎನ್ನುವುದೂ ಇದಕ್ಕೇ. ನೆರಳಿನಲ್ಲಿ ಟೇಬಲ್ ಫ್ಯಾನ್ ಇಟ್ಟು, ಗಾಳಿ ತಲೆಯ ಒಳಕ್ಕೆ ಹೋಗುವಂತೆ ತಿರುಗಿಸಿ.

ಮಳೆಗಾಲದಲ್ಲಿ ಬೂಸ್ಟು ಹಿಡಿಯುದಿಲ್ವಾ?

ಹಿಡಿಯುತ್ತದೆ. ಚಪ್ಪಲಿ, ಬೆಲ್ಟು, ಪುಸ್ತಕ ಬಿಡದ ಬೂಸ್ಟು ಬೆವರು ಕುಡಿದ ಫೋಮನ್ನು ಬಿಟ್ಟೀತೇ? ಬೂಸ್ಟು ಫೋಮಿನ ಆಳಕ್ಕೆ ಇಳಿದರೆ ಆ ತಲೆಯೊಳಗೆ ಉಸಿರಾಡುವುದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಜೂನ್ ಮೊದಲೇ ಪೂರ್ತಿ ತೊಳೆದು ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಕಟ್ಟದೆ, ಹಳೆ ಕಾಟನ್ ಸೀರೆಯಲ್ಲಿ ಸುತ್ತಿ ಎತ್ತರದ ಕಪಾಟಿನಲ್ಲಿ ಇಡಿ. ಜತೆಗೆ ಸಿಲಿಕಾ ಜೆಲ್ ಪೊಟ್ಟಣ ಇರಲಿ. ನುಸಿ ಗುಳಿಗೆ ಬೇಡ, ಅದರ ವಾಸನೆ ತಲೆಯೊಳಗೆ ನಿಂತುಬಿಡುತ್ತದೆ. ಮಳೆ ಬಿಟ್ಟು ಹೊಳವಾದ ದಿನ ಹೊರಗೆ ತೆಗೆದು ಗಾಳಿಗಿಟ್ಟು, ತಂತಿಹಲ್ಲಿನ ಬ್ರಷ್‌ನಿಂದ ಬಾಚಿ. ಇಲಿಗಳಿಗೆ ಫೋಮ್ ಕಚ್ಚುವುದು ಬಲು ಇಷ್ಟ, ಅದನ್ನೂ ನೋಡಿಕೊಳ್ಳಿ.

## ಸೆಖೆ ಮತ್ತು ಸುರಕ್ಷೆ

ನಮ್ಮ ಕಾರವಾರದ ಸೆಖೆಯಲ್ಲಿ ಅದನ್ನ ಹಾಕ್ಕೊಂಡ್ರೆ ಜೀವ ಉಳಿತದಾ?

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಸೂಟಿನೊಳಗೆ ಇರುವುದೆಂದರೆ ಕಂಬಳಿ ಹೊದ್ದು ಬಚ್ಚಲ ಒಲೆಯ ಮುಂದೆ ಕೂತ ಹಾಗೆ. ಮೈ ತಂಪಾಗುವುದು ಬೆವರು ಆರಿದಾಗ. ಸೂಟಿನೊಳಗೆ ಗಾಳಿ ಆಡುವುದಿಲ್ಲ, ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಪಿಟ್ಸ್‌ಬರ್ಗಿನ ಎಸಿ ಹಾಲ್‌ನಲ್ಲಿ ಆಡುವಷ್ಟು ಹೊತ್ತು ಕಾರವಾರದ ಬಯಲಲ್ಲಿ ಆಡಲು ಸಾಧ್ಯವೇ ಇಲ್ಲ.

ಮಾರ್ಚ್‌ನಿಂದ ಮೇ ತನಕ ಕರಾವಳಿಯಲ್ಲಿ ಹಗಲು ಹೊತ್ತು ಹೊರಗೆ ನಾನು ಫುಲ್ ಸೂಟ್ ಮುಟ್ಟುವುದಿಲ್ಲ. ಡಿಸೆಂಬರ್, ಜನವರಿಯ ಬೆಳಗು ಅಥವಾ ಸಂಜೆ ಸರಿ, ಶಿರಸಿ ಘಟ್ಟದ ಮೇಲಿನದಾದ್ದರಿಂದ ಇನ್ನೂ ಹಿತ. ಹೊರಗಾದರೆ ಹದಿನೈದು ಇಪ್ಪತ್ತು ನಿಮಿಷಕ್ಕೆ ತಲೆ ತೆಗೆದೇ ತೆಗೆಯುತ್ತೇನೆ. ತಲೆಯೊಳಗೆ ಪವರ್‌ಬ್ಯಾಂಕಿನಿಂದ ಓಡುವ ಪುಟ್ಟ ಫ್ಯಾನ್ ಕೂರಿಸಿದರೆ ಉಸಿರಿನ ಹಬೆ ಹೊರಗೆ ಹೋಗುತ್ತದೆ. ಐಸ್ ಪ್ಯಾಕ್ ಇಡುವ ಜಾಕೆಟ್ ಇನ್ನಷ್ಟು ಸಹಾಯ. ವೇಷ ಕಟ್ಟುವ ಮೊದಲೇ ನೀರು ಕುಡಿದಿರಬೇಕು. ನಡುವೆ ಓಆರ್‌ಎಸ್, ಇಲ್ಲವಾದರೆ ಉಪ್ಪು ಸಕ್ಕರೆ ಹಾಕಿದ ಮುರುಗಲ ಪಾನಕ. ಬರೀ ನೀರು ಸಾಲದು, ಬೆವರಿನಲ್ಲಿ ಉಪ್ಪೂ ಹೋಗಿರುತ್ತದೆ.

ತಲೆನೋವು, ವಾಕರಿಕೆ, ಕಣ್ಣು ಮಂಜು, ಸೆಖೆಯಲ್ಲೂ ಚಳಿ ಎದ್ದ ಹಾಗೆ ಆಗುವುದು, ಬೆವರು ನಿಲ್ಲುವುದು: ಇವುಗಳಲ್ಲಿ ಒಂದು ಕಂಡರೂ ಯಾರು ನೋಡುತ್ತಿದ್ದಾರೆ ಎಂದು ಯೋಚಿಸದೆ ಅಲ್ಲೇ ತಲೆ ತೆಗೆಯಿರಿ. ಮಾತು ತೊದಲಿದರೆ, ಗೊಂದಲವಾದರೆ ಮೈ ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಬೇಕು. ಹೃದಯದ ತೊಂದರೆ, ಬಿಪಿ, ಆಸ್ತಮಾ ಇರುವವರು ಮೊದಲು ಡಾಕ್ಟರರನ್ನು ಕೇಳಿ.

ಸಮ್ಮೇಳನದಲ್ಲಿ ಎಲ್ಲರ ಎದುರೇ ತಲೆ ತೆಗಿತಾರಾ?

ಅದಕ್ಕೇ ಬೇರೆ ಕೋಣೆ ಇರುತ್ತದೆ, ಹೆಡ್‌ಲೆಸ್ ಲೌಂಜ್ ಎನ್ನುತ್ತಾರೆ. ದೊಡ್ಡ ದೊಡ್ಡ ಫ್ಯಾನು, ಕುಡಿಯುವ ನೀರು, ತಲೆ ಒಣಗಿಸಲು ಗಾಳಿ ಊದುವ ಸ್ಟ್ಯಾಂಡು. ವೇಷಧಾರಿಗಳು, ಅವರ ಸಹಾಯಕರು ಬಿಟ್ಟು ಯಾರಿಗೂ ಪ್ರವೇಶವಿಲ್ಲ, ಫೋಟೋ ನಿಷಿದ್ಧ. ನಮ್ಮ ಆಟದ ಚೌಕಿಯ, ಅಂದರೆ ಬಣ್ಣದ ಮನೆಯ ಶಿಸ್ತು ಕಂಡವರಿಗೆ ಅಲ್ಲಿ ಎಲ್ಲವೂ ಪರಿಚಿತ ಅನ್ನಿಸುತ್ತದೆ.

ಜೊತೆಗೆ ಇನ್ನೊಬ್ಬರು ಬೇಕೇ ಬೇಕಾ?

ಬೇಕೇ ಬೇಕು. ಅವರನ್ನು ಹ್ಯಾಂಡ್ಲರ್ ಎನ್ನುತ್ತಾರೆ. ಶಿರಸಿಯ ಬೇಡರ ವೇಷ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೋಳಿಯ ರಾತ್ರಿಗಳಲ್ಲಿ ತಮಟೆಯ ಪೆಟ್ಟಿಗೆ ಬೇಡ ರೌದ್ರವಾಗಿ ಕುಣಿಯುವಾಗ ಹಿಂದಿನಿಂದ ಇಬ್ಬರು ಹಗ್ಗ ಹಿಡಿದಿರುತ್ತಾರೆ. ಜನರ ಕಣ್ಣೆಲ್ಲ ಬೆನ್ನಿಗೆ ಹರಡಿದ ನವಿಲುಗರಿಯ ಮೇಲೆ. ಆದರೆ ಹಗ್ಗದವರು ಎಲ್ಲಿ ಬಿಡಬೇಕು, ಎಲ್ಲಿ ಎಳೆಯಬೇಕು ಎಂದು ಅರಿತಿರುವುದರಿಂದಲೇ ಬೇಡ ಅಷ್ಟು ಧೈರ್ಯವಾಗಿ ಮುನ್ನುಗ್ಗಬಲ್ಲ. ಹ್ಯಾಂಡ್ಲರ್ ಕೈಯಲ್ಲಿ ಹಗ್ಗ ಇಲ್ಲ, ಕೆಲಸ ಅದೇ. ಮೆಟ್ಟಿಲು ಬಂತೆಂದು ಮೊಣಕೈ ತಟ್ಟುವುದು, ಹಿಂದಿನಿಂದ ಬಾಲ ಎಳೆಯುವವರನ್ನು ತಡೆಯುವುದು, ಹೊತ್ತು ನೋಡುವುದು, ಸ್ಟ್ರಾ ಹಾಕಿದ ನೀರಿನ ಬಾಟಲಿ ಹಿಡಿಯುವುದು, ‘ಇನ್ನು ಸಾಕು’ ಎಂದು ಹೇಳಿ ಕರೆದುಕೊಂಡು ಹೋಗುವುದು.

ಹ್ಯಾಂಡ್ಲರ್ ಸಾಕು ಎಂದರೆ ವಾದಿಸಬಾರದು. ಸೆಖೆ ಹತ್ತಿದವರಿಗೆ ತಮಗೆ ಸೆಖೆ ಹತ್ತಿದೆ ಎಂದು ಕಡೆಗೆ ತಿಳಿಯುವುದು.

## ನಮ್ಮ ಊರಲ್ಲಿ

ನಮ್ಮಲ್ಲೇ ಬೇಕಾದಷ್ಟು ವೇಷ ಉಂಟಲ್ಲ, ಬೇಡರ ವೇಷ, ಹುಲಿ ವೇಷ, ಸುಗ್ಗಿ. ಹೊರಗಿನದು ಯಾಕೆ ಬೇಕಿತ್ತು?

ಅವುಗಳ ಜಾಗಕ್ಕೆ ಇದನ್ನು ತಂದು ಕೂರಿಸುವ ಆಸೆ ನನಗಿಲ್ಲ. ಬೇಡರ ವೇಷಕ್ಕೆ ಸೋಂದೆಯ ಅರಸರ ಕಾಲದ ಕಥೆಯಿದೆ, ಮಾರಿಕಾಂಬೆಯ ಜಾತ್ರೆ ಇಲ್ಲದ ವರ್ಷ ನಡೆಯಬೇಕೆಂಬ ಕ್ರಮವಿದೆ. ಹಾಲಕ್ಕಿಗಳ ಸುಗ್ಗಿ ಕುಣಿತ ಆ ಸಮುದಾಯದ್ದು, ತಲೆಗೆ ತುರಾಯಿ ಕಟ್ಟುವುದಕ್ಕೂ ನೇಮವಿದೆ. ಅವೆಲ್ಲ ಊರು ಸೇರಿ ಒಪ್ಪಿಸಿದ ವೇಷಗಳು. ಫರ್‌ಸೂಟಿಗೆ ದೇವರಿಲ್ಲ, ಹರಕೆಯಿಲ್ಲ, ಅಜ್ಜನ ಕಾಲದ ಕಥೆಯಿಲ್ಲ. ಒಬ್ಬರು ತಮ್ಮ ಮನಸ್ಸಿನಿಂದ ಕಟ್ಟಿದ ಪಾತ್ರ ಅದು. ಎರಡಕ್ಕೂ ಜಾಗ ಇದೆ. ವೇಷ ನೋಡಿ ಬೆಳೆದ ಕಣ್ಣು ಇಲ್ಲದಿದ್ದರೆ ಪಿಟ್ಸ್‌ಬರ್ಗಿನಲ್ಲಿ ನನಗೆ ಆ ತುಪ್ಪಳದ ತಲೆ ಹಾಕಿಕೊಳ್ಳಬೇಕು ಎಂದೇ ಅನ್ನಿಸುತ್ತಿರಲಿಲ್ಲ.

ಕಾರವಾರದ ಟ್ಯಾಗೋರ್ ಬೀಚಿಗೆ ಹಾಕ್ಕೊಂಡು ಹೋಗ್ಬಹುದಾ?

ಹೋಗಬಹುದು, ಆದರೆ ಕಾರ್ಯಕ್ರಮದ ಭಾಗವಾಗಿ ಹೋದರೆ ಚೆನ್ನ. ನಡೆಸುವವರಿಗೆ, ಅಗತ್ಯವಿದ್ದರೆ ಠಾಣೆಗೂ ಮೊದಲೇ ತಿಳಿಸಿ, ಗುರುತಿನ ಚೀಟಿ ಹ್ಯಾಂಡ್ಲರ್ ಹತ್ತಿರ ಇರಲಿ. ಬೀದಿನಾಯಿಗಳು ತುಪ್ಪಳದ ಎರಡು ಕಾಲಿನ ಪ್ರಾಣಿಯನ್ನು ಕಂಡು ಗುಂಪುಗೂಡುತ್ತವೆ. ಓಡಬೇಡಿ, ತಲೆ ತೆಗೆದು ಮನುಷ್ಯರ ದನಿಯಲ್ಲಿ ಗದರಿ. ಒದ್ದೆ ಮರಳಿನಿಂದ ದೂರವಿರಿ, ಉಪ್ಪು ತುಪ್ಪಳವನ್ನು ಅಂಟಂಟು ಮಾಡುತ್ತದೆ. ಜಾತ್ರೆಯ ನೂಕುನುಗ್ಗಲಿಗೆ, ದೇವಸ್ಥಾನದ ಆವರಣಕ್ಕೆ, ದಾಂಡೇಲಿಯ ಕಾಡಿನೊಳಗೆ ಬೇಡ.

ಇಲ್ಲಿ ಸಮ್ಮೇಳನ ಇಲ್ವಲ್ಲ. ಎಲ್ಲಿಗೆ ಹೋಗುದು?

ಅಮೆರಿಕ, ಜರ್ಮನ್ ಕೂಟಗಳಷ್ಟು ದೊಡ್ಡದು ನಮ್ಮಲ್ಲಿಲ್ಲ. ಬೆಂಗಳೂರಿನಲ್ಲಿ ಕಾಮಿಕ್ಸ್ ಪ್ರಿಯರು ಸೇರುವ ಕಾಮಿಕ್ ಕಾನ್‌ನಲ್ಲಿ ವೇಷಧಾರಿಗಳಿಗೆ ಸ್ವಾಗತವಿದೆ, ಮೊದಲ ಅನುಭವಕ್ಕೆ ಅದು ಒಳ್ಳೆಯ ಜಾಗ. ಹೊರದೇಶಕ್ಕೆ ಹೋಗುವುದಾದರೆ ಜಪಾನ್, ತೈವಾನ್, ಥಾಯ್ಲೆಂಡಿನ ಕೂಟಗಳು ಅಮೆರಿಕಕ್ಕಿಂತ ಹತ್ತಿರ. ವಿಮಾನದಲ್ಲಿ ತಲೆಯನ್ನು ಕೈಚೀಲವಾಗಿಯೇ ಒಯ್ಯಿರಿ; ಪವರ್‌ಬ್ಯಾಂಕ್ ಕೂಡ ಕ್ಯಾಬಿನ್ನಿನಲ್ಲೇ ಇರಬೇಕು ಎನ್ನುವುದು ನಿಯಮ.

ಮನೆಯಲ್ಲಿ ಹೇಳುದು ಹೇಗೆ? ಅಪ್ಪಯ್ಯ ಬೈತಾರೆ.

ಹೆಸರು, ವಿವರಣೆ ಆಮೇಲೆ. ಮೊದಲು ಹೊಲಿದ ಪಂಜ ತೋರಿಸಿ. ನಮ್ಮ ಕಡೆಯ ಹಿರಿಯರಿಗೆ ಕೈಕೆಲಸದ ಮೇಲೆ ಗೌರವ ಇದೆ; ನನ್ನ ಬಾಲದ ಹೊಲಿಗೆ ಸರಿಯಿಲ್ಲ ಎಂದು ಬಿಚ್ಚಿ ಹೊಲಿದುಕೊಟ್ಟವಳು ಅಮ್ಮ. ಖರ್ಚೆಷ್ಟು ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.

## ಆಡಿ ಪಳಗಿದವರಿಗೆ

ಮಕ್ಕಳು ನೋಡಿದ ಕೂಡ್ಲೆ ಕಿರುಚ್ತಾರೆ. ಎಂತ ಮಾಡುದು?

ಹತ್ತಿರ ಹೋಗಬೇಡಿ. ನೆಲಕ್ಕೆ ಕೂತು ಮೈ ಚಿಕ್ಕದು ಮಾಡಿ, ಮುಖ ಪಕ್ಕಕ್ಕೆ ತಿರುಗಿಸಿ. ದೊಡ್ಡ ಕಣ್ಣು ನೇರ ನೆಟ್ಟಿದ್ದೇ ಮಗುವಿಗೆ ಭಯ. ನಿಮ್ಮ ಪಂಜವನ್ನು ನೀವೇ ನೋಡುತ್ತ ಕೂತಿರಿ. ಸ್ವಲ್ಪ ಹೊತ್ತಿಗೆ ಕುತೂಹಲ ಗೆದ್ದರೆ ಮಗು ಅಮ್ಮನ ಸೆರಗಿನ ಹಿಂದಿನಿಂದ ಬಗ್ಗುತ್ತದೆ. ಆಗ ಪಂಜ ನೆಲದ ಮೇಲೆ ಅಂಗೈ ಮೇಲಾಗಿ ಇಡಿ, ಅಷ್ಟೇ. ಅಳುವ ಮಗುವನ್ನು ಫೋಟೋಕ್ಕೆಂದು ಮಡಿಲಿಗೆ ತುರುಕುವ ಹಿರಿಯರಿರುತ್ತಾರೆ. ಎದ್ದು ಹಿಂದೆ ಸರಿಯಿರಿ, ಹ್ಯಾಂಡ್ಲರ್ ಮಾತಾಡಲಿ. ದೊಡ್ಡವರನ್ನಾದರೂ ಅವರು ಕೈ ಚಾಚದೆ ಅಪ್ಪಿಕೊಳ್ಳಬಾರದು.

ಕುಣಿತದ ಸ್ಪರ್ಧೆಗೆ ಹೇಗೆ ತಯಾರಾಗುದು?

ಬೆರಳಿನ ಮುದ್ರೆ, ಸೂಕ್ಷ್ಮ ಹೆಜ್ಜೆ ತುಪ್ಪಳದಲ್ಲಿ ಮುಳುಗಿಹೋಗುತ್ತವೆ. ದೂರದಿಂದ ನೆರಳು ನೋಡಿದರೂ ಅರ್ಥವಾಗುವ ಭಂಗಿ ಬೇಕು. ದಪ್ಪ ಪಾದದಲ್ಲಿ ತಿರುಗುವುದು ಕಷ್ಟ, ಜಾರುವುದು ಸುಲಭ. ಅಡಿಗೆ ರಬ್ಬರ್ ಹಾಕಿಸಿ. ಕಡೇಪಕ್ಷ ಒಂದಷ್ಟು ಅಭ್ಯಾಸ ಪೂರ್ತಿ ಸೂಟಿನಲ್ಲೇ ಆಗಲಿ, ದಮ್ಮು ಎಷ್ಟಿದೆ ಎಂದು ಆಗಲೇ ತಿಳಿಯುವುದು. ವೇದಿಕೆಯ ಅಂಚನ್ನು ಮೊದಲೇ ಹೆಜ್ಜೆಯಲ್ಲಿ ಅಳೆದಿಟ್ಟುಕೊಳ್ಳಿ.

ಇನ್ನೊಂದು ಸೂಟ್ ಎದುರಾದ್ರೆ ಇಬ್ಬರೂ ಸೇರಿ ಆಡುದು ಹೇಗೆ? ಸುಮ್ಮನೆ ಕೈ ಬೀಸಿ ಹೋಗ್ತೇವೆ.

ಒಬ್ಬರಿಗೆ ಏನಾದರೂ ಬೇಕಿರಬೇಕು. ನನ್ನ ಕೈಯಲ್ಲಿ ಬಟ್ಟೆಯ ಮೀನೊಂದು ಇರುತ್ತದೆ. ಎದುರಿನ ನರಿ ಅದನ್ನು ನೋಡಿತು ಎನ್ನಿ. ನಾನು ಬೆನ್ನ ಹಿಂದೆ ಅಡಗಿಸುತ್ತೇನೆ, ನರಿ ಬಳಸಿಕೊಂಡು ಬರುತ್ತದೆ. ಅಲ್ಲಿಂದ ಕದನವಾಗಬಹುದು, ಹಂಚಿಕೊಳ್ಳುವುದಾಗಬಹುದು, ಮೀನನ್ನು ಇಬ್ಬರೂ ಸೇರಿ ತೂಗಿ ಮಲಗಿಸುವುದಾಗಬಹುದು. ಅವರು ಏನು ಕೊಟ್ಟರೂ ಬೇಡವೆನ್ನದೆ ತೆಗೆದುಕೊಂಡು, ಇನ್ನೊಂದಿಷ್ಟು ಸೇರಿಸಿ ಹಿಂತಿರುಗಿಸಿ. ಯಕ್ಷಗಾನದ ಹಾಸ್ಯಗಾರರು ಭಾಗವತರ ಮಾತನ್ನು ಹಿಡಿದು ಬೆಳೆಸುವ ರೀತಿ ಇದಕ್ಕೆ ಒಳ್ಳೆಯ ಪಾಠ. ಇಬ್ಬರೂ ಒಟ್ಟಿಗೆ ಕುಣಿದರೆ ಜನರಿಗೆ ಯಾರನ್ನು ನೋಡಬೇಕು ಎಂದು ತಿಳಿಯದು. ಒಬ್ಬರು ಆಡುವಾಗ ಇನ್ನೊಬ್ಬರು ಸ್ತಬ್ಧವಾಗಿ ಅವರನ್ನೇ ನೋಡಿ.

ಪಾತ್ರದಿಂದ ಹೊರಗೆ ಬರಬೇಕಾದದ್ದು ಯಾವಾಗ?

ಯಾರಿಗಾದರೂ ಪೆಟ್ಟಾದಾಗ, ಮಗು ಕಳೆದುಹೋದಾಗ, ಬೆಂಕಿಯ ಗಂಟೆ ಹೊಡೆದಾಗ, ಪೊಲೀಸರು ಅಥವಾ ಭದ್ರತೆಯವರು ಮಾತಾಡಿಸಿದಾಗ, ಯಾರೋ ಅಸಭ್ಯವಾಗಿ ಮುಟ್ಟಿದಾಗ, ನಿಮ್ಮದೇ ಮೈ ಕೈಕೊಟ್ಟಾಗ. ಹ್ಯಾಂಡ್ಲರ್ ಜತೆ ಮೊದಲೇ ಸನ್ನೆ ಗೊತ್ತುಮಾಡಿಕೊಂಡಿರಿ. ನಾವು ಇಟ್ಟುಕೊಂಡದ್ದು ಹೀಗೆ: ಪಂಜದಿಂದ ಎದೆಗೆ ಎರಡು ಬಡಿತ ಅಂದರೆ ನೀರು ಬೇಕು, ಎರಡೂ ಪಂಜ ತಲೆಯ ಮೇಲೆ ಇಟ್ಟರೆ ಈಗಲೇ ಹೊರಗೆ ಕರೆದೊಯ್ಯಿ. ಎರಡನೆಯ ಸನ್ನೆಗೆ ಹ್ಯಾಂಡ್ಲರ್ ಕಾರಣ ಕೇಳುವ ಹಾಗಿಲ್ಲ.